ಕಳೆದ ಏಳು ದಿನಗಳಲ್ಲಿ

ಟ್ಯಾಬಿನ ಗಾಜಿಗೆ ಬಳ್ಳಾರಿ ಬಿಸಿಲು ಬಡಿದು
ಪ್ರಶ್ನೆ ಕಾಣುವುದಿಲ್ಲ. ಸೆರಗು ಮರೆಮಾಡಿ ಓದುತ್ತೇನೆ:
ಕಳೆದ ಏಳು ದಿನಗಳಲ್ಲಿ
ಒಂದು ಗಂಟೆಯಾದರೂ ಕೆಲಸ ಮಾಡಿದ್ದೀರಾ?

"ಎಲ್ಲೀ ಕೆಲ್ಸ ಅಕ್ಕಾ, ಮನೆಯಾಗೇ ಇರ್ತೀನಿ"
ಅನ್ನುತ್ತಾಳೆ ಮಾಬುನ್ನಿ, ಕೌಲ್‌ಬಜಾರಿನ ಒಂದು ಸಂದಿಯಲ್ಲಿ ಕೂತು,
ಅನ್ನುತ್ತಲೇ ಕತ್ತರಿ ಆಡಿಸುತ್ತಾಳೆ.
ಮಡಿಲಲ್ಲಿ ಯಾರದೋ ಮೂವತ್ತನಾಲ್ಕು ಸೊಂಟದ ಜೀನ್ಸು,
ಎಡಕ್ಕೊಂದು ಗುಡ್ಡೆ, ಬಲಕ್ಕೊಂದು ಗುಡ್ಡೆ.
ಜೇಬಿನ ಬಾಯಿಂದ, ಜಿಪ್ಪಿನ ಬುಡದಿಂದ
ಹೊಲಿಗೆ ಬಿಟ್ಟುಹೋದ ದಾರದ ತುದಿ ಹೆಕ್ಕಿ ಹೆಕ್ಕಿ ಕತ್ತರಿಸಿದರೆ
ಪೀಸಿಗೆ ಎಪ್ಪತ್ತೈದು ಪೈಸೆ.

"ಇದಾ? ಇದು ಕೆಲ್ಸ ಅಲ್ಲ ಬಿಡು, ಕೈ ಸುಮ್ನಿರಲ್ಲ ಅಂತ.
ಕೆಲ್ಸ ಅಂದ್ರೆ ನಮ್ಮನೆಯೋರು ಮಾಡೋದು."

ಮನೆಯವರು ಒಳಗೆ ಮಲಗಿದ್ದಾರೆ. ಹನ್ನೊಂದು ಗಂಟೆ.

ತರಬೇತಿಯಲ್ಲಿ ಹೇಳಿದ್ದರು ದೊಡ್ಡ ಸಾಹೇಬರು,
ಉಪ್ಪಿಟ್ಟಾದ ಮೇಲೆ, ತಣ್ಣನೆಯ ಹಾಲಿನಲ್ಲಿ:
ಇದು ಜಿಲ್ಲೆಯ ನಾಡಿ ನೋಡುವ ಕೆಲಸ,
ನಾಡಿ ಹಿಡಿದವರು ರೋಗಿಯ ಕೂಡ ಹರಟೆ ಹೊಡೆಯಬಾರದು.
ನನಗೂ ಪೀಸಿನ ಲೆಕ್ಕವೇ, ಮನೆಯೊಂದಕ್ಕೆ ತೊಂಬತ್ತು;
ಹರಟೆಗೆ ಪುರುಸೊತ್ತು ಯಾರಿಗಿದೆ?

ಆದರೂ ಮೂಲೆಯ ಚಹಾದಂಗಡಿ ಗಾದಿಲಿಂಗ ಬಿಡಲಿಲ್ಲ.
"ಮನೆಮನೆ ತಿರುಗ್ತೀರಲ್ರಿ ಮೇಡಂ, ಮೋರಿ ನೋಡ್ರಿ.
ನೀಲಿ ಹರಿದ್ರೆ ಕೆಲ್ಸ ಐತೆ.
ನೀಲಿ ತೆಳ್ಳಗಾತು ಅಂದ್ರೆ ಮರುದಿನ
ನಾನು ಹಾಲು ಐದು ಲೀಟರ್ ಕಮ್ಮಿ ತರಿಸ್ತೀನಿ.
ನಿಮ್ಮ ರಿಪೋರ್ಟು ಯಾವಾಗ ಬರ್ತತೆ?"
ಮುಂದಿನ ವರ್ಷ, ಅಂದೆ.
"ಅಷ್ಟೊತ್ತಿಗೆ ಹಾಲು ಒಡೆದು ಹೋಗಿರ್ತತೆ."

ದಿನಕ್ಕೆ ಎಷ್ಟು ಪೀಸು? ಕೇಳಿದೆ ಮಾಬುನ್ನಿಯನ್ನು.
"ಇನ್ನೂರು ಆಗ್ತಿತ್ತು. ಈಗ ಅರವತ್ತು.
ಹಳೇ ಆರ್ಡರಿಂದು ಇದೇ ಕಡೇ ಗುಡ್ಡೆ.
ಬೇಕಂತಲೇ ನಿಧಾನ ಕತ್ತರಿಸ್ತೀನಿ,
ಗುಡ್ಡೆ ಮುಗಿದ್ರೆ ಮನೆ ಭಣಭಣ ಅಂತತೆ."

ಇದಕ್ಕೆ ಟ್ಯಾಬಿನಲ್ಲಿ ಖಾನೆಯಿಲ್ಲ.

ಅಷ್ಟರಲ್ಲಿ ಇಮಾಂಸಾಬ ಎದ್ದು ಬಂದ.
ಬಣ್ಣದ ತೊಟ್ಟಿಯಲ್ಲಿ ಹದಿನಾರು ವರ್ಷ ಕೈಯಾಡಿಸಿದವನು,
ಅದಕ್ಕೂ ಮೊದಲು ಸಂಡೂರಿನ ಗಣಿಯಲ್ಲಿ ಕೆಂಪಗಿದ್ದನಂತೆ.
ಕೆಲಸ ನಿಂತು ಎಷ್ಟು ದಿನವಾಯಿತು?
"ಒಂದ್ ವಾರ," ಅಂದ, ಹೆಂಡತಿಯ ಕಡೆ ನೋಡದೆ.

ಅವನ ಕೈ ಬಾಗಿಲ ಚೌಕಟ್ಟಿನ ಮೇಲಿತ್ತು.
ಉಗುರ ತುದಿ ಕಡುನೀಲಿ. ಬುಡದಲ್ಲಿ ಮಾತ್ರ
ಹೊಸದಾಗಿ ಮೂಡಿದ ಬಿಳಿ, ಅಕ್ಕಿಕಾಳಿನ ಅಗಲ.
ಅಷ್ಟು ಬೆಳೆಯಲು ಉಗುರಿಗೆ ವಾರ ಸಾಲದು,
ತಿಂಗಳು ಬೇಕು.
ಬುತ್ತಿ ಹಿಡಿದು ಎಲ್ಲಿ ಹೋಗುತ್ತಿದ್ದನೋ ಮೂರು ವಾರ,
ಯಾವ ಮರದ ಬುಡದಲ್ಲಿ ಡಬ್ಬಿ ಬಿಚ್ಚುತ್ತಿದ್ದನೋ.

ಮಾಬುನ್ನಿಯ ಕತ್ತರಿ ಒಂದು ಗಳಿಗೆ ನಿಂತಿತು,
ಮತ್ತೆ ಹೊರಟಿತು.
ಮೋರಿ ಹರಿಯುವುದು ಅವಳ ಬಾಗಿಲ ಮುಂದೆಯೇ.
ತಿಂಗಳಿಂದ ಅವಳೂ ರೊಟ್ಟಿ ಕಟ್ಟುತ್ತಲೇ ಇದ್ದಳು,
ಏನೂ ಕೇಳದೆ.

ಹೇಳಿದ್ದನ್ನು ಬರೆಯಬೇಕು, ಕಂಡದ್ದನ್ನಲ್ಲ:
ಕೈಪಿಡಿಯ ನಿಯಮ.
ಏಳು ದಿನ, ಎಂದು ಒತ್ತಿದೆ.
ಅವಳ ಹೆಸರಿನ ಮುಂದೆ ಮನೆಗೆಲಸದ ಸಂಖ್ಯೆ ತಾನೇ ಬಂದು ಕೂತಿತ್ತು;
ಅಳಿಸಿದೆ. ದುಡಿಯುವವಳು, ಎಂದು ತಿದ್ದಿದೆ.
ಯಂತ್ರ ಕೇಳಿತು: ಖಚಿತವೇ?
ಖಚಿತ.
"ಏನ್ ಬರ್ಕೊಂಡೆ?" ಅಂದಳು.
ನೀನು ಕೆಲಸದಲ್ಲಿದ್ದೀ ಅಂತ.
ನಕ್ಕಳು, ಹಲ್ಲಿನಿಂದ ಒಂದು ದಾರ ಕಚ್ಚಿ ಉಗಿದು,
"ಸುಳ್ಳು ಬರೀಬ್ಯಾಡಕ್ಕಾ, ರೇಷನ್ ಕಾರ್ಡ್ ಕಿತ್ಕೊಂಡಾರು."

ಹೊರಗೆ ಮೋರಿ ದಾಟುವಾಗ ನಿಂತೆ.
ನೀರು ತಿಳಿಯಾಗಿತ್ತು, ತಳ ಕಾಣುವಷ್ಟು:
ಒಂದು ಹಿತ್ತಾಳೆ ಗುಂಡಿ, ಮುರಿದ ಸೂಜಿ, ನನ್ನ ಮುಖ.
ನೀರು ಅಳೆಯುವ ಇಲಾಖೆಯವರು ಬಂದರೆ ಈ ವಾರ
ಆರೋಗ್ಯ ಸುಧಾರಿಸಿದೆ, ಎಂದೇ ಬರೆದುಕೊಂಡು ಹೋಗುತ್ತಾರೆ.